ಐದು ಲಕ್ಷದ ಮೆಸೇಜಿಗೆ ಅಕ್ಕ ಕೊಟ್ಟ ಉತ್ತರ

1/5
ಆ ರೀಲ್ ನೀವೂ ನೋಡಿರ್ತೀರಿ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ವಿಚಾರಣೆಯ ವಿಡಿಯೋ ವೈರಲ್ ಆಯ್ತು. ಹೆಂಡತಿಯ ಪರವಾಗಿ ತಿಂಗಳಿಗೆ 6,16,300 ರೂಪಾಯಿ ಜೀವನಾಂಶ ಕೇಳಿದ್ರು. ಅಷ್ಟು ಖರ್ಚು ಮಾಡೋ ಆಸೆ ಇದ್ರೆ ಅವರೇ ದುಡೀಲಿ ಅಂತ ನ್ಯಾಯಮೂರ್ತಿ ಗರಂ ಆದ್ರು. ನಮ್ಮ ಕ್ಲಾಸ್ ಗ್ರೂಪಿಗೂ ಅದು ಬಂತು. "ಡಿವೋರ್ಸ್ ಅಂದ್ರ ಲಾಟರಿ ನೋಡ್ರಲೇ" ಅಂತ ಒಬ್ಬ ಬರೆದ, ಎಲ್ಲರೂ ನಕ್ಕರು.

ನಮ್ಮ ಮನೆಗೆ ಬಂದ ಲಾಟರಿ ಹೀಗಿತ್ತು: "ಬಂಗಾರ ಸೇರಿ ಎಲ್ಲಾ ಕೂಡಿ 5 ಲಕ್ಷ. ಒಮ್ಮೆ ಸಹಿ ಹಾಕ್ರಿ, ಮುಗಿಸೂಣು. ಭಾನುವಾರದೊಳಗ ಹೇಳ್ರಿ."

ಬಂದದ್ದು ನನ್ನ ದೊಡ್ಡಮ್ಮನ ಮಗಳಿಗೆ. ರಾಣೆಬೆನ್ನೂರಿನ ಹುಡುಗಿ, ಬ್ಯಾಡಗಿಗೆ ಕೊಟ್ಟಿದ್ದೆವು, ಮೆಣಸಿನಕಾಯಿ ವ್ಯಾಪಾರದ ಮನೆ. ಈಗ ತವರಲ್ಲಿದ್ದಾಳೆ, ಐದು ವರ್ಷದ ಮಗನ ಜೊತೆ. ಬ್ಲೌಸ್ ಹೊಲೀತಾಳೆ. ಅವಳನ್ನ ಕೇಳಿಯೇ ಬರೀತಿದೀನಿ. ಹೆಸರು ಬೇಡ ಅಂದಳು, ಅಷ್ಟೇ.

ಮನೇಲಿ ಎರಡು ಉತ್ತರ ರೆಡಿ ಇದ್ದವು. ದೊಡ್ಡಮ್ಮ: "ಬಂದಷ್ಟು ತಗೊಂಡು ಕೈ ತೊಳ್ಕೋ, ಮಂದಿ ಬಾಯಿ ಮುಚ್ಚತೈತಿ." ಮಾವ: "ಐದಲ್ಲ, ಐವತ್ತು ಕೇಳು, ಒದ್ದಾಡ್ಲಿ." ಅಕ್ಕ ಎರಡನ್ನೂ ಬಿಟ್ಟು ನನಗೆ ಫೋನ್ ಮಾಡಿದಳು. "ನೀ ಬಿಕಾಂ ಓದಾಕತ್ತಿ ಅಲ್ಲ? ಈ 5 ಲಕ್ಷ ಅಂದ್ರ ಖರೇನ ಎಷ್ಟು ಅಂತ ಹೇಳು."

2/5
ಮೊದಲು ಮಾಡಿದ್ದು, ಆ ಒಂದು ಅಂಕಿಯನ್ನ ಒಡೆದದ್ದು. ಅಕೌಂಟ್ಸ್‌ನಲ್ಲಿ ಎಲ್ಲಾ ಖರ್ಚನ್ನೂ "ಇತರೆ" ಅಂತ ಒಂದೇ ಸಾಲಲ್ಲಿ ಬರೆದ್ರೆ ಸರ್ ಬಿಡ್ತಾರಾ? "ಎಲ್ಲಾ ಕೂಡಿ" ಅನ್ನೋದೂ ಅಂಥದ್ದೇ ಸಾಲು. ಒಡೆದಾಗ ನಾಲ್ಕು ಹೆಡ್ ಸಿಕ್ಕವು.

ಒಂದು, ಬಂಗಾರ. ಮದುವೇಲಿ ತವರಿನವರು ಅವಳಿಗೆ ಹಾಕಿದ ಎರಡು ತೊಲಿ. ಅದು ಸ್ತ್ರೀಧನ. ಗಂಡನ ಮನೆಯ ಕಪಾಟಲ್ಲಿದ್ದರೂ ಒಡತಿ ಅವಳೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅವಳದನ್ನೇ ಅವಳಿಗೆ ವಾಪಸ್ ಕೊಟ್ರೆ ಅದು ಪರಿಹಾರ ಹೇಗಾಗ್ತದೆ? ಅದನ್ನ ತೂಗಿ ಕಳೆದ್ರೆ 5 ಲಕ್ಷದಲ್ಲಿ ದೊಡ್ಡ ಪಾಲು ಅಲ್ಲೇ ಹೋಯ್ತು.

ಎರಡು, ಮಗು. ಅವನ ಖರ್ಚು ಅವನ ಹಕ್ಕು. "ಇನ್ನು ಏನೂ ಕೇಳಲ್ಲ" ಅಂತ ತಾಯಿ ಸಹಿ ಹಾಕಿದ ಮಾತ್ರಕ್ಕೆ ಮಗನ ಹಕ್ಕು ಮುಗಿಯಲ್ಲ.

ಮೂರು, ಅಕ್ಕನ ಜೀವನಾಂಶ. ಹಿಂದೂ ವಿವಾಹ ಕಾಯ್ದೆ, 1955ರ ಸೆಕ್ಷನ್ 25ರಲ್ಲಿ ಇದನ್ನ ಒಂದೇ ಗಂಟಾಗಿಯೂ ಕೊಡಿಸಬಹುದು, ತಿಂಗಳು ತಿಂಗಳೂ ಕೊಡಿಸಬಹುದು.

ನಾಲ್ಕು, ಬಾಕಿ. ಜೀವನಾಂಶಕ್ಕೆ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡೀಬೇಕು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೇಶ್ ವರ್ಸಸ್ ನೇಹಾ ತೀರ್ಪಿನಲ್ಲಿ ಹೇಳಿತು. ಕೇಸ್ ಎಳೆದಷ್ಟೂ ಬಾಕಿ ಬೆಳೀತದೆ.

3/5
ಈಗ ನಮ್ಮ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಪೇಪರ್. ಪ್ರೆಸೆಂಟ್ ವ್ಯಾಲ್ಯೂ ನೆನಪಿದೆಯಾ? ನಾನು ಅದನ್ನ ಮಾರ್ಕ್ಸಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿರಲಿಲ್ಲ.

ಬಂಗಾರದ ಮಾತು ಬಿಡಿ, ಪೂರ್ತಿ 5 ಲಕ್ಷ ಕ್ಯಾಶ್ ಬಂತು ಅಂತಲೇ ಹಿಡಿಯೋಣ. ವರ್ಷಕ್ಕೆ 7% ಬಡ್ಡಿ. ಬಡ್ಡಿ ಅಷ್ಟೇ ತಿಂದ್ರೆ ತಿಂಗಳಿಗೆ ಸುಮಾರು 2,900 ರೂಪಾಯಿ. ಮಗನ ಸ್ಕೂಲು, ಔಷಧಿ, ಬಟ್ಟೆ, ಊಟ ಅಂತ ಅಕ್ಕ ಬರೆದಿಟ್ಟ ಖರ್ಚು ತಿಂಗಳಿಗೆ 8,000. ಅಸಲೂ ತೆಗೀತಾ ಹೋದ್ರೆ 78 ತಿಂಗಳಿಗೆ ದುಡ್ಡು ಖಾಲಿ. ಆಗ ಮಗನಿಗೆ ಹನ್ನೊಂದೂವರೆ ವರ್ಷ. ಹೈಸ್ಕೂಲ್ ಮೆಟ್ಟಿಲೂ ಹತ್ತಿರಲ್ಲ.

ಅವನಿಗೆ 18 ತುಂಬೋವರೆಗೆ, ಅಂದ್ರೆ 156 ತಿಂಗಳು, 8,000 ಬೇಕು ಅಂದ್ರೆ? ನೇರ ಗುಣಾಕಾರ ಮಾಡಿದ್ರೆ 12,48,000. ಮಾವ "ಅದನ್ನ ಕೇಳು" ಅಂದ್ರು. ಅದು ಸರಿಯಲ್ಲ ಅಂದೆ. ಇವತ್ತೇ ಕೈಗೆ ಬಂದ ದುಡ್ಡಿಗೆ ಬಡ್ಡಿ ಹುಟ್ಟುತ್ತೆ. 7%ರಲ್ಲಿ ಅದರ ಇವತ್ತಿನ ಬೆಲೆ ಸುಮಾರು 8.18 ಲಕ್ಷ. ಫೀಸು ವರ್ಷಾವರ್ಷ ಏರೋದನ್ನ ಇದರಲ್ಲಿ ಹಿಡಿದಿಲ್ಲ.

ಈ ಅಂಕಿ ಹೇಳಿದಾಗ ಅಕ್ಕ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅಂದಳು, "ಅಂದ್ರ ನಾ ದುರಾಸಿ ಮಾಡಾಕತ್ತಿಲ್ಲ, ಹೌದಿಲ್ಲೋ?" ಅವಳಿಗೆ ಬೇಕಾಗಿದ್ದು ಈ ಒಂದು ಉತ್ತರ ಅಂತ ನನಗೆ ಆಗ ತಿಳೀತು.

4/5
ಇನ್ನೊಂದು ಕಡೆಯನ್ನೂ ನೋಡಬೇಕಲ್ಲ. ಭಾವನ ಮಾತು: "ವ್ಯಾಪಾರ ಡಲ್ ಐತಿ, ಎಲ್ಲಿಂದ ತರಲಿ?" ಇದು ಸುಳ್ಳೇ ಅಂತ ಹೇಳೋಕಾಗಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರ್ಕೆಟ್‌ನಲ್ಲಿ ಏನಾಯ್ತು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಮೆಣಸಿನಕಾಯಿ ರೇಟ್ ಬಿತ್ತು ಅಂತ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ, ಗಾಡಿಗಳಿಗೆ ಬೆಂಕಿ ಬಿತ್ತು. ರೇಟ್ ಆಟಕ್ಕೆ ರೈತ, ವ್ಯಾಪಾರಿ ಇಬ್ಬರೂ ಸಿಕ್ಕಿಬೀಳ್ತಾರೆ.

ಆದ್ರೆ ಒಂದು ಕೆಟ್ಟ ವರ್ಷ ತೋರಿಸಿ ಹದಿಮೂರು ವರ್ಷದ ಲೆಕ್ಕ ಮುಗಿಸೋಕಾಗಲ್ಲ. ಸೀಸನ್ ವ್ಯಾಪಾರಕ್ಕೆ ಹಲವು ವರ್ಷದ ಸರಾಸರಿ ಬೇಕು. ಮತ್ತೆ ಕ್ಲೋಸಿಂಗ್ ಸ್ಟಾಕ್! ಮೆಣಸಿನಕಾಯಿ ವ್ಯಾಪಾರಿಯ ಆಸ್ತಿ ಬ್ಯಾಂಕಲ್ಲಷ್ಟೇ ಇರಲ್ಲ, ಕೋಲ್ಡ್ ಸ್ಟೋರೇಜಿನ ಚೀಲಗಳಲ್ಲೂ ಇರ್ತದೆ.

ಇದಕ್ಕೆ ಜಗಳ ಬೇಕಿಲ್ಲ. ಅದೇ ರಜನೇಶ್ ತೀರ್ಪಿನ ಪ್ರಕಾರ ಜೀವನಾಂಶದ ಕೇಸಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಕೊಡಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಎಲ್ಲಾ ಬರ್ತದೆ. ಅಕ್ಕನ ಹೊಲಿಗೆ ಆದಾಯವೂ ಅದರಲ್ಲಿ ಬರೀಬೇಕು. ಮುಚ್ಚಿಡಬೇಡ ಅಂತ ನಾನೇ ಹೇಳಿದೆ. ಆ ವೈರಲ್ ರೀಲಿನಲ್ಲೂ ನ್ಯಾಯಮೂರ್ತಿ ಕೇಳಿದ್ದು ನಿಜವಾದ ಖರ್ಚಿನ ಲೆಕ್ಕವನ್ನೇ. ಕೇಳೋರಿಗೆ ಅನ್ವಯಿಸೋ ಮಾತು ಕೊಡೋರಿಗೂ ಅನ್ವಯಿಸ್ತದೆ.

5/5
ಕೊನೇ ವಿಷಯ, ಕಾಗದ. ಹಿರಿಯರನ್ನ ಕೂಡಿಸಿ ಬಾಂಡ್ ಪೇಪರ್ ಮೇಲೆ ಸೋಡಚೀಟಿ ಬರೆಸೋಣ ಅಂತ ಅವರ ಕಡೆಯಿಂದ ಮಾತು ಬಂತು. ಹಿರಿಯರು ಮಾತಾಡ್ಲಿ, ಬೇಡ ಅನ್ನಲ್ಲ. ಆದ್ರೆ ಆ ಬಾಂಡು ಕೋರ್ಟಿನ ಡಿಕ್ರಿ ಅಲ್ಲ. ಇಬ್ಬರ ಒಪ್ಪಿಗೆಯ ವಿಚ್ಛೇದನ ಅಂದ್ರೆ ಸೆಕ್ಷನ್ 13ಬಿ. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ ಎರಡನೇ ಸಲ ಕೋರ್ಟಲ್ಲಿ ಒಪ್ಪಿಗೆ ಹೇಳಬೇಕು. ಸೂಕ್ತ ಕಾರಣ ಇದ್ರೆ ಆ ಆರು ತಿಂಗಳನ್ನ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ದುಡ್ಡನ್ನೂ ಅದಕ್ಕೇ ಕಟ್ಟಬೇಕು. ಅರ್ಧ ಅರ್ಜಿಯ ದಿನ, ಉಳಿದರ್ಧ ಎರಡನೇ ಒಪ್ಪಿಗೆಯ ದಿನ, ಡಿಡಿಯಲ್ಲಿ.

"ವಕೀಲರ ಫೀಸಿಗೆ ಎಲ್ಲಿಂದ?" ಅಂತ ದೊಡ್ಡಮ್ಮ ಕೇಳಿದ್ರು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100. ಕೇಸ್ ಹಾಕೋಕೆ ಬ್ಯಾಡಗಿಗೇ ಹೋಗಬೇಕಂತಲೂ ಇಲ್ಲ, ಹೆಂಡತಿ ಈಗ ಇರೋ ಊರಿನ ವ್ಯಾಪ್ತಿಯ ಕೋರ್ಟಲ್ಲೂ ಹಾಕಬಹುದು.

ವಕೀಲರಿಗೆ ತೋರಿಸಿ, ಭಾನುವಾರದೊಳಗೇ ಅಕ್ಕ ಕಳಿಸಿದ ಉತ್ತರ ಇದು:

"ನಿಮ್ಮ ಪ್ರಸ್ತಾಪ ಓದಿದೆ. ಬಂಗಾರ ನನ್ನದು, ಅದು ಬೇರೆ ಬರಲಿ. ಮಗನಿಗೆ 8.18 ಲಕ್ಷ ಅವನ ಹೆಸರಿಗೆ, ಇಲ್ಲವೇ ತಿಂಗಳಿಗೆ 8,000, ವರ್ಷಾವರ್ಷ ಏರಿಕೆಯೊಂದಿಗೆ. ನನಗೆ ಹೊಲಿಗೆ ಅಂಗಡಿ ಹಾಕಲು 2 ಲಕ್ಷ. ಹೆಚ್ಚು ಅನಿಸಿದರೆ ನಿಮ್ಮ ಲೆಕ್ಕ ಕಳಿಸಿ, ನನ್ನದೂ ಕಳಿಸುತ್ತೇನೆ. ಮಗನನ್ನು ನೋಡಲು ಯಾವಾಗ ಬೇಕಾದರೂ ಬನ್ನಿ, ಅದಕ್ಕೂ ದುಡ್ಡಿಗೂ ಸಂಬಂಧವಿಲ್ಲ."

ಕೊನೆಯ ಸಾಲು ನಾನು ಹೇಳಿಕೊಟ್ಟದ್ದಲ್ಲ. ಅವಳೇ ಬರೆದದ್ದು.

ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಅವರು ಒಪ್ಪದೇ ಇರಬಹುದು, ಕೇಸ್ ನಡೀಬಹುದು, ಕೋರ್ಟು ಕಡಿಮೆಯೂ ಕೊಡಬಹುದು. ಆದ್ರೆ ದೊಡ್ಡಮ್ಮ ಈಗ "ಕೈ ತೊಳ್ಕೋ" ಅನ್ನೋದನ್ನ ಬಿಟ್ಟಿದ್ದಾರೆ. ಮೊನ್ನೆ ಪಕ್ಕದ ಮನೆಯವರು ಕೇಳಿದ್ದಕ್ಕೆ "ಲೆಕ್ಕ ನಡದೈತಿ" ಅಂದ್ರಂತೆ.

ನಿಮ್ಮ ಮನೇಲಿ ಯಾರಿಗಾದ್ರೂ ಇಂಥ ಮೆಸೇಜ್ ಬಂದಿದ್ರೆ ಇದನ್ನ ಕಳಿಸಿ. ಸೂತ್ರ ಗೊತ್ತಿಲ್ಲಾಂದ್ರೆ ಡಿಎಂ ಮಾಡಿ, ಎಕ್ಸೆಲ್ ಶೀಟ್ ಕೊಡ್ತೀನಿ. ಕಾನೂನಿನ ಪ್ರಶ್ನೆ ಮಾತ್ರ ವಕೀಲರಿಗೇ ಕೇಳ್ರಿ.

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಬಿಕಾಂಹುಡುಗಿ #ಲೆಕ್ಕನಡದೈತಿ