ಶನಿವಾರದ ಅಂಬಾಸಿಡರ್

ಅಂಬಾಸಿಡರ್ ಕಾರನ್ನು ಹೊಗಳುವುದು ಸುಲಭವಲ್ಲ. ತಿರುಗಿಸಲು ತೋಳಿನ ಬಲ ಬೇಕು, ನಿಲ್ಲಿಸಲು ಮುಂದಾಲೋಚನೆ ಬೇಕು, ಪೆಟ್ರೋಲ್ ಹಾಕಿಸಲು ಎದೆಗಾರಿಕೆ ಬೇಕು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ತಯಾರಾಗತೊಡಗಿದ ಈ ಗಾಡಿ, ರೂಪದಲ್ಲಿ ಹೆಚ್ಚೇನೂ ಬದಲಾಗದೆ 2014ರ ತನಕ ಬಂತು. ಆದರೆ ಮಣ್ಣುರಸ್ತೆಯಲ್ಲಿ ಎಂಟು ಮಂದಿಯನ್ನೂ ಎರಡು ಗೋಣಿ ಅಡಿಕೆಯನ್ನೂ ಹೇರಿಕೊಂಡು ಗೊಣಗದೆ ಹೋಗುತ್ತಿದ್ದುದು ಅದೇ. ನಮ್ಮ ಬದಿಯಡ್ಕದ ಕಡೆಯ ಎಷ್ಟೋ ಮನೆಗಳ ಮದುಮಗಳು, ಬಸುರಿ, ರೋಗಿ ಎಲ್ಲರೂ ಹೋದದ್ದು ಅಂಬಾಸಿಡರಿನಲ್ಲಿ.

ನಮ್ಮ ಮನೆಯದ್ದು 1972ರ ಮಾರ್ಕ್ 2. ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಹೆಡ್‌ಲೈಟು ತಗ್ಗಿಸುವ ಸ್ವಿಚ್ಚು ಎಡಗಾಲಿನ ಕೆಳಗೆ. ಅಪ್ಪ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡದ್ದು 1984ರಲ್ಲಿ. ಅದೇ ವರ್ಷ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕಾರಿನ ನಂಬರು ಅದಕ್ಕೂ ಮೊದಲಿನ ಕಣ್ಣೂರು ಜಿಲ್ಲೆಯ ಕಾಲದ್ದು, ಈಗಿನ ಕೆ.ಎಲ್. 14ಕ್ಕಿಂತ ವಯಸ್ಸಿನಲ್ಲಿ ಹಿರಿಯದು. 2009ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಾರು ಕೊಟ್ಟಿಗೆಯಲ್ಲಿ ಹನ್ನೆರಡು ವರ್ಷ ನಿಂತಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಕಬ್ಬಿಣ ಹನ್ನೆರಡು ವರ್ಷ ಉಳಿದದ್ದೇ ಪುಣ್ಯ.

2021ರಲ್ಲಿ ಗುಜರಿಯವನೊಬ್ಬ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದ. ಬೆಂಗಳೂರಿನಲ್ಲಿರುವ ಅಣ್ಣ, “ಕೊಟ್ಟುಬಿಡು ಮಾರಾಯ, ಅಡಿಕೆ ಹಾಕಲು ಜಾಗವಾದರೂ ಆದೀತು” ಎಂದ. ಅಮ್ಮ ಬೇಡವೆನ್ನಲಿಲ್ಲ. “ಮುಂದಿನ ಗೂಡಿನಲ್ಲಿ ಅಪ್ಪನ ಪುಸ್ತಕ ಉಂಟು, ಮೊದಲು ಅದನ್ನು ತೆಗೆದಿಡು” ಎಂದಷ್ಟೇ ಹೇಳಿದರು.

ಅದು ಇನ್ನೂರು ಪುಟದ ಲೆಕ್ಕದ ಪುಸ್ತಕ. ಅಪ್ಪ ಹಾಕಿಸಿದ ಪೆಟ್ರೋಲ್, ಬದಲಿಸಿದ ಕ್ಲಚ್ ಪ್ಲೇಟು, ಬಿಗಿಗೊಳಿಸಿದ ಬೋಲ್ಟು ಎಲ್ಲವನ್ನೂ ಕನ್ನಡ ಅಂಕಿಗಳಲ್ಲಿ ಬರೆದಿಟ್ಟಿದ್ದರು. ನಡುನಡುವೆ ಬೇರೆ ಸಾಲುಗಳೂ ಇದ್ದವು: “ರಾತ್ರಿ 2ಕ್ಕೆ ಮಂಗಳೂರು. ಹೆರಿಗೆ. ಗಂಡು.” “ತಲಪಾಡಿ ದಾಟುವಾಗ ಮಳೆ. ಅಜ್ಜಿ ಉಳಿಯಲಿಲ್ಲ.” ಬಾಡಿಗೆಯ ಕಾಲಮ್ಮು ಮಾತ್ರ ಎಲ್ಲೂ ಇಲ್ಲ. 2020ರ ಮಾರ್ಚ್ ಕೊನೆಗೆ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿದುಹೋದದ್ದನ್ನು ಕಂಡವರು ನಾವು. ಆ ಸಾಲುಗಳ ತೂಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದೆ.

ಕೆಲಸ ವಹಿಸಿಕೊಂಡ ಮೆಕ್ಯಾನಿಕ್‌ಗೆ ಎಪ್ಪತ್ತು ದಾಟಿದೆ. ಊರಿಗೆಲ್ಲ ಅವರು ‘ಇಕ್ಕ’. ಬಾನೆಟ್ಟು ಎತ್ತಿ, ಚಾಸಿಯ ಅಡಿ ತೂರಿ ನೋಡಿ, “ಇದು ಪೊಳಿಕ್ಕಾನುಳ್ಳ ವಂಡಿಯಲ್ಲ ಸಾರೇ” ಎಂದರು. ಒಡೆದು ಮಾರುವ ಗಾಡಿ ಇದಲ್ಲ ಎಂದು. ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಆ ದಿನಗಳೆಲ್ಲ ಎರಡು ವರ್ಷ ಗ್ಯಾರೇಜಿಗೇ ಸಂದವು.

ಎಂಜಿನ್ ಜಾಮ್ ಆಗಿತ್ತು. ಇಕ್ಕ ಅವಸರಪಡಲಿಲ್ಲ. ಪ್ಲಗ್ಗು ಬಿಚ್ಚಿ ನಾಲ್ಕು ಸಿಲಿಂಡರಿಗೂ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಹೊಯ್ದು, ವಾರಗಟ್ಟಲೆ ಬಿಟ್ಟು, ಹ್ಯಾಂಡಲು ಹಾಕಿ ದಿನಕ್ಕೆ ಕೂದಲೆಳೆಯಷ್ಟು ತಿರುಗಿಸಿದರು. ಒಂದು ಶನಿವಾರ ಅದು ನಿಟ್ಟುಸಿರಿಟ್ಟಂತೆ ಸದ್ದು ಮಾಡಿ ಸಡಿಲಾಯಿತು. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವುಗಳ ಸೀಟು ಸವೆಯದಂತೆ ಕಾಯುತ್ತಿತ್ತು. 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್. ಹಾಗಾಗಿ ಹೆಡ್ಡನ್ನು ಲೇತಿಗೆ ಕೊಟ್ಟು ಗಟ್ಟಿ ಸೀಟು ಕೂರಿಸಿದೆವು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಹಳೆಯ ರಬ್ಬರನ್ನು ಕೆಡಿಸುವುದರಿಂದ ಪೈಪುಗಳನ್ನೆಲ್ಲ ಬದಲಿಸಿದೆವು. ಬಾಗಿಲುಗಳ ಕೆಳಅಂಚು, ಡಿಕ್ಕಿಯ ತಳ ತುಕ್ಕು ತಿಂದು ಹಪ್ಪಳವಾಗಿದ್ದವು. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಖರ್ಚು ಅರ್ಧಕ್ಕಿಳಿಯುತ್ತಿತ್ತು. ಇಕ್ಕ ಒಪ್ಪಲಿಲ್ಲ. ಕೆಟ್ಟ ತಗಡನ್ನೆಲ್ಲ ಕತ್ತರಿಸಿ, ಹೊಸ ತಗಡು ಬಡಿದು ವೆಲ್ಡ್ ಮಾಡಿಸಿದರು. ಪುಟ್ಟಿಯ ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ ಎಂಬುದು ಅವರ ವಾದ.

ಯಾವ ಭಾಗವನ್ನು ಯಾವಾಗ ಬದಲಿಸಿದ್ದು ಎಂಬ ಪ್ರಶ್ನೆಗೆಲ್ಲ ಅಪ್ಪನ ಪುಸ್ತಕದಲ್ಲಿ ಉತ್ತರವಿತ್ತು. ಇಕ್ಕನಿಗೆ ಕನ್ನಡ ಓದಲು ಬಾರದು. ನಾನು ಓದಿ ಮಲಯಾಳದಲ್ಲಿ ಹೇಳುವುದು, ನನ್ನ ಕೌಂಟರಿನ ಮಲಯಾಳ ತಡವರಿಸಿದಲ್ಲಿ ಇಬ್ಬರೂ ತುಳುವಿಗೆ ಇಳಿಯುವುದು. ಕ್ರಮೇಣ ಓದುವ ಕೆಲಸ ಮಗಳಿಗೆ ಬಿತ್ತು. ಅವಳು ಇಂಗ್ಲಿಷ್ ಮೀಡಿಯಮ್ಮಿನವಳು. ಅವಳ ಕನ್ನಡವೆಲ್ಲ ಅಜ್ಜಿ ಮನೆಯಲ್ಲಿ ಕಲಿಸಿದ್ದು. ಅಚ್ಚಿನ ಅಕ್ಷರವನ್ನೇ ಕೂಡಿಸಿ ಓದುತ್ತಿದ್ದವಳು ಅಜ್ಜನ ಮೋಡಿ ಬರಹದ ಮುಂದೆ ಮೊದಮೊದಲು ಅಳುವಂತಾಗಿದ್ದಳು. ಆರು ತಿಂಗಳಲ್ಲಿ ನನಗೆ ಸಿಗದ ಪದವೂ ಅವಳಿಗೆ ಸಿಗತೊಡಗಿತು.

1987ರ ಒಂದು ಸಾಲು ಸಿಕ್ಕಿದ್ದೂ ಅವಳಿಗೇ: “ಹಿರಿಯವನಿಗೆ ಹಾವು ಕಡಿತ. ಮಂಗಳೂರು. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ಬದುಕಿದ.” ಅಂದೇ ಫೋನ್ ಮಾಡಿ ದೊಡ್ಡಪ್ಪನಿಗೆ ಓದಿ ಹೇಳಿದಳು. ಆಗ ಅಣ್ಣನಿಗೆ ಹತ್ತು ವರ್ಷ. ಹಾವು ಕಚ್ಚಿದ್ದು ಅವನಿಗೆ ನೆನಪಿದೆ, ಹೋದ ದಾರಿ ನೆನಪಿಲ್ಲ. ಸ್ವಲ್ಪ ಹೊತ್ತು ಅವನ ಮಾತೇ ಕೇಳಿಸಲಿಲ್ಲ. ಮರುದಿನ ನನ್ನ ಖಾತೆಗೆ ಹಣ ಜಮೆಯಾಗಿತ್ತು. ನಾನು ಕೇಳಿರಲಿಲ್ಲ, ಅವನೂ ಏನೂ ಹೇಳಲಿಲ್ಲ.

ಉಳಿದದ್ದು ಕಾಗದಪತ್ರ. 2021ರ ಜುಲೈಯಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಗೌರವ ದೊಡ್ಡದು, ಆದರೆ ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬೇಕು. ಹಳೆಯ ಕಾರುಗಳ ಸಾಮಾನ್ಯ ನೋಂದಣಿ ನವೀಕರಣದ ಶುಲ್ಕವಾದರೋ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ಅದೂ ಐದೈದು ವರ್ಷಕ್ಕೊಮ್ಮೆ. ಮನೆಯಲ್ಲಿ ಚರ್ಚೆಯೇನೂ ನಡೆಯಲಿಲ್ಲ. ನಾವು ಕಟ್ಟಿದ್ದು ಸಾಮಾನ್ಯ ಶುಲ್ಕವನ್ನೇ. ಗಡಿನಾಡಿನಲ್ಲಿ ಕನ್ನಡ ಇಟ್ಟುಕೊಂಡು ಬದುಕುವವರಿಗೆ, ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಂಡು ಉಳಿದ ದಿನ ಕೊಟ್ಟಿಗೆಯಲ್ಲಿರುವುದು ಎಂಥ ಗೌರವವೆಂದು ಬಿಡಿಸಿ ಹೇಳಬೇಕೇ?

ಈಗ ಕಾರು ನೀರ್ಚಾಲಿನ ಪೇಟೆಗೆ, ಪೆರ್ಲದ ನೆಂಟರ ಮನೆಗೆ, ತಿಂಗಳಿಗೊಮ್ಮೆ ಅಮ್ಮನನ್ನು ಕೂರಿಸಿಕೊಂಡು ಮಂಗಳೂರಿನ ಡಾಕ್ಟರಲ್ಲಿಗೆ ಹೋಗುತ್ತದೆ. ಹೆದ್ದಾರಿಯಲ್ಲಿ ಎಲ್ಲರೂ ನಮ್ಮನ್ನು ಹಿಂದೆ ಹಾಕುತ್ತಾರೆ. ಅಪ್ಪನ ಪುಸ್ತಕದಲ್ಲಿ ನಲ್ವತ್ತಮೂರು ಪುಟ ಖಾಲಿ ಉಳಿದಿದ್ದವು. ಪೆಟ್ರೋಲಿನ ಲೆಕ್ಕವನ್ನು ಈಗ ಮಗಳು ಬರೆಯುತ್ತಾಳೆ, ಕನ್ನಡ ಅಂಕಿಗಳಲ್ಲಿ. ಏಳನ್ನೂ ಒಂಬತ್ತನ್ನೂ ಇನ್ನೂ ಒಮ್ಮೊಮ್ಮೆ ಅದಲುಬದಲು ಮಾಡುತ್ತಾಳೆ. ತಿಂಗಳ ಕೊನೆಗೆ ಲೆಕ್ಕ ತಾಳೆ ನೋಡುವ ಕೆಲಸ ನನ್ನದು.