ಕಾಕನಕೋಟೆ ದಾರಿಯಲ್ಲಿ ಕೋವಿಯ ತೂಕ

ಎಚ್.ಡಿ. ಕೋಟೆ ದಾಟಿ ಅಂತರಸಂತೆಯ ಚಹಾ ಅಂಗಡಿಯಲ್ಲಿ ಕುಳಿತಿದ್ದೆವು. ಗೆಳೆಯ ತನ್ನ 3 ಕಿಲೋ ತೂಕದ ಕ್ಯಾಮೆರಾ ಲೆನ್ಸನ್ನು ಬೆಂಚಿನ ಮೇಲಿಟ್ಟು ಭುಜ ನೀವಿಕೊಂಡ. ಪಕ್ಕದಲ್ಲಿದ್ದ ಅಜ್ಜ ಅದನ್ನೊಮ್ಮೆ ಎತ್ತಿ ನೋಡಿ, "ಜಿಂಕೆ ಕೋವಿ ಹೆಚ್ಚೂಕಮ್ಮಿ ಇಷ್ಟೇ ತೂಗ್ತಿತ್ತು ಸ್ವಾಮಿ" ಎಂದರು.

ಪ್ರಾಯದಲ್ಲಿ ಶಿಕಾರಿಯವರ ಕೋವಿ ಹೊತ್ತವರು ಅವರು. ಆನೆ, ಕಾಟಿಗೆಂದು ಹಳೆಯ ದೊರೆಗಳು ತರುತ್ತಿದ್ದ ಎಂಟು ಬೋರಿನ ಕೋವಿ 7 ಕಿಲೋ ಆಸುಪಾಸು. ಅದನ್ನು ಹೊರಲು ಬೇರೆ ಆಳೇ ಬೇಕು. ಜಿಂಕೆಯ ಹಿಂದೆ ಸದ್ದಿಲ್ಲದೆ ಮೈಲಿಗಟ್ಟಲೆ ನಡೆಯುವವನಿಗೆ ಮೂರೂವರೆ, ನಾಲ್ಕು ಕಿಲೋ ಸಾಕು. ತೀರಾ ಹಗುರವಾದರೆ? "ಭುಜಕ್ಕೆ ಒದೀತದೆ. ಏದುಸಿರಲ್ಲಿ ನಳಿಗೆ ನಿಲ್ಲೋದಿಲ್ಲ."

ಅಂಥದೊಂದು ಹಗುರ ಕೋವಿಯಲ್ಲಿ ಅವರೇ ಒಮ್ಮೆ ಹೊಡೆದಿದ್ದರು. ಗುಂಡು ಹೊಟ್ಟೆಗೆ ತಾಗಿ ಜಿಂಕೆ ಲಂಟಾನದೊಳಗೆ ನುಗ್ಗಿತು. ಕತ್ತಲಾಗುವವರೆಗೂ ರಕ್ತದ ಜಾಡು ಹುಡುಕಿದರೂ ಸಿಗಲಿಲ್ಲ. ಮರುದಿನ ರಣಹದ್ದುಗಳು ಜಾಗ ತೋರಿಸಿದವು. ಇಷ್ಟು ಹೇಳಿ ಅಜ್ಜ ಬೀಡಿ ಹಚ್ಚಿದರು, ನಾವೂ ಕೆದಕಲಿಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿಗೆ ತೆರೆಬಿತ್ತು. ಖೆಡ್ಡಾದ ಬಯಲನ್ನು ಕಬಿನಿಯ ಹಿನ್ನೀರು ನುಂಗಿತು.

ದಮ್ಮನಕಟ್ಟೆಯಲ್ಲಿ ಸಫಾರಿ ಜೀಪು ಹತ್ತಿದೆವು. (ಸಂಜೆ ಆರಕ್ಕೆ ಮಾನಂದವಾಡಿ ರಸ್ತೆ ಮುಚ್ಚುತ್ತದೆ, ಹೋಗುವವರು ನೆನಪಿಡಿ.) ತಿರುವಿನಲ್ಲೇ ಜಿಂಕೆಗಳ ಹಿಂಡು. ಗೆಳೆಯ ಅವಸರದಲ್ಲಿ ಲೆನ್ಸ್ ಎತ್ತಿದ. ಅರ್ಧಕ್ಕರ್ಧ ಚಿತ್ರಗಳು ಅಲುಗಿದ್ದವು. ಜಿಂಕೆಗಳು ಮಾತ್ರ ಮೇಯುತ್ತಲೇ ಇದ್ದವು.