ಕಲ್ಲಿನಲ್ಲಿ ಉಳಿದವರು

ನಾನು ದೃಶ್ಯಕಲಾ ಕಾಲೇಜು ಸೇರಿದ ಕಾಲಕ್ಕೆ ಗ್ರಾಫಿಕ್ಸ್ ಎಂದರೆ ಕಂಪ್ಯೂಟರ್ ಅಲ್ಲ. ಮರ, ಲಿನೋಲಿಯಂ, ಸತುವಿನ ತಗಡು, ಕಲ್ಲು ಇವೇ ಗ್ರಾಫಿಕ್ಸ್. ತೊಂಬತ್ತರ ದಶಕದ ಆರಂಭ ಅದು. ವಿಭಾಗದ ಹಿಂಬದಿಯಲ್ಲಿ, ನಲ್ಲಿಯ ಪಕ್ಕದ ಉದ್ದನೆಯ ಕೋಣೆಯಲ್ಲಿ, ಬೂದು ಮತ್ತು ತಿಳಿಹಳದಿ ಬಣ್ಣದ ದಪ್ಪ ಚಪ್ಪಡಿಗಳು ಪುಸ್ತಕಗಳ ಹಾಗೆ ಒಂದಕ್ಕೊಂದು ಆನಿಕೊಂಡು ನಿಂತಿರುತ್ತಿದ್ದವು. ದೊಡ್ಡದನ್ನು ಎತ್ತಲು ಇಬ್ಬರು ಬೇಕು. ಮೊದಲ ದಿನ ಮೇಷ್ಟ್ರು ಚಿತ್ರ ಬರೆಯಿರಿ ಎನ್ನಲಿಲ್ಲ. ಕಲ್ಲು ಉಜ್ಜಿ ಎಂದರು.

ಕಲ್ಲಿಗೆ ನೀರು ಚಿಮುಕಿಸಿ, ಕಾರ್ಬೊರಂಡಮ್ ಪುಡಿ ಉದುರಿಸಿ, ಅದರ ಮೇಲೆ ಇನ್ನೊಂದು ಚಿಕ್ಕ ಕಲ್ಲನ್ನು ಬೋರಲು ಹಾಕಿ, 8ರ ಆಕಾರದಲ್ಲಿ ತಿರುಗಿಸುತ್ತಾ ಹೋಗಬೇಕು. ಮೊದಲು ತರಿ ಪುಡಿ, ಆಮೇಲೆ ನುಣುಪಿನದು. ಆರಂಭದಲ್ಲಿ ರಾಗಿಕಲ್ಲಿನ ಹಾಗೆ ಗರಗರ ಎನ್ನುವ ಸದ್ದು, ಪುಡಿ ಸವೆದು ಕೆಸರಾದಂತೆ ದೋಸೆಹಿಟ್ಟು ರುಬ್ಬುವ ಸದ್ದಾಗುತ್ತದೆ. ನನ್ನ ರಟ್ಟೆ ಬಿದ್ದುಹೋದಾಗ ಸ್ಟುಡಿಯೋದ ಅಟೆಂಡರ್ ಅಣ್ಣ ಬಂದು, ಕಲ್ಲನ್ನು ತೊಳೆದು, ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದರು. "ಇನ್ನೂ ಇದಾನೆ ನೋಡಮ್ಮ ಅವನು. ಹೋಗಿಲ್ಲ. ಉಜ್ಜು."

ಅವನು ಎಂದರೆ ನನಗಿಂತ ಮುಂಚೆ ಆ ಕಲ್ಲಿನ ಮೇಲೆ ಚಿತ್ರ ಬರೆದಿದ್ದ ಹುಡುಗ. ಒದ್ದೆ ಕಲ್ಲಿನೊಳಗೆ ಗಾಡಿಯ ಗಾಲಿಯೊಂದು ಮಂಜಿನಲ್ಲಿ ಕಂಡಂತೆ ಕಾಣುತ್ತಿತ್ತು. ಅವನ ಹತ್ತು ಪ್ರತಿಗಳು ಅಚ್ಚಾಗಿ, ನಂಬರು ಬಿದ್ದು, ಸಹಿಯಾಗಿದ್ದವು. ಇನ್ನು ಕಲ್ಲು ನನ್ನದು. ಅವನ ಗಾಲಿಯ ಕೊನೆಯ ಕಡ್ಡಿ ಮಾಯವಾಗುವವರೆಗೆ ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ ಆ ಗಾಲಿಯ ಒಂದೊಂದು ಗೆರೆಯೂ ನನಗೆ ಬಾಯಿಪಾಠವಾಗಿತ್ತು. ಅವನ ಮುಖವನ್ನು ನಾನು ನೋಡಿಲ್ಲ. ಅವನ ಕೈ ಮಾತ್ರ ನನಗೆ ಚೆನ್ನಾಗಿ ಗೊತ್ತು.

ಒಮ್ಮೆ ಒಂದು ಕಲ್ಲನ್ನು ಮಗುಚಿದಾಗ ಹಿಂಬದಿಯಲ್ಲಿ ಯಾವುದೋ ಹಳೆಯ ಬೀಡಿ ಲೇಬಲ್ ಇತ್ತು. ಕನ್ನಡದ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದು. ಆಫ್‌ಸೆಟ್ ಬಂದಮೇಲೆ ಮುಚ್ಚಿಹೋದ ಮುದ್ರಣಾಲಯದಿಂದ ಬಂದ ಕಲ್ಲು ಅದು ಎಂದರು ಮೇಷ್ಟ್ರು. ಬಜಾರು ಕೈಬಿಟ್ಟಿದ್ದನ್ನು ಕಾಲೇಜು ಕೈಹಿಡಿದಿತ್ತು.

ಕಲ್ಲಿನಿಂದ ಅಚ್ಚು ತೆಗೆಯುವ ಈ ವಿದ್ಯೆಯನ್ನು, ಅಂದರೆ ಲಿಥೋಗ್ರಫಿಯನ್ನು, ಕಂಡುಹಿಡಿದವನು ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್. ನಾಟಕ ಬರೆಯುತ್ತಿದ್ದವನು, ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಬೇಕೆಂದು 1796ರ ಸುಮಾರಿಗೆ ಕಲ್ಲಿನ ಮೇಲೆ ಪ್ರಯೋಗಕ್ಕಿಳಿದ. ಕಲ್ಲು ಬವೇರಿಯಾದ ಸೋಲ್ನ್‌ಹೋಫೆನ್ ಎಂಬಲ್ಲಿಯದು. ಸುಮಾರು 15 ಕೋಟಿ ವರ್ಷ ಹಳೆಯ ಸುಣ್ಣಕಲ್ಲು. ಹಲ್ಲಿದ್ದ, ರೆಕ್ಕೆಯೂ ಇದ್ದ ಆದಿಕಾಲದ ಹಕ್ಕಿಯ ಅಚ್ಚು ಸಿಕ್ಕಿದ್ದೂ ಇದೇ ಕಲ್ಲಿನಲ್ಲಿ. 1861ರಲ್ಲಿ ಅದಕ್ಕಿಟ್ಟ ಹೆಸರು ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ. ಹಕ್ಕಿಯ ಹೆಸರಿನಲ್ಲೇ ನಮ್ಮ ವಿದ್ಯೆಯ ಹೆಸರು ಸೇರಿಹೋಗಿದೆ. ಆ ಕಲ್ಲಿಗೆ ನೆನಪಿಟ್ಟುಕೊಳ್ಳುವುದು ಮನುಷ್ಯ ಹುಟ್ಟುವ ಮುಂಚಿನಿಂದಲೂ ರೂಢಿ.

ಲಿಥೋ ನಿಂತಿರುವುದು ಎಣ್ಣೆಗೂ ನೀರಿಗೂ ಆಗದಿರುವುದರ ಮೇಲೆ. ಜಿಡ್ಡಿನ ಬಳಪದಲ್ಲಿ ಚಿತ್ರ ಬರೆದು, ಗೋಂದಿಗೆ ಒಂದಷ್ಟು ನೈಟ್ರಿಕ್ ಆಮ್ಲದ ಹನಿ ಬೆರೆಸಿ ಸವರಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿದರೆ ಖಾಲಿ ಜಾಗ ನೀರು ಕುಡಿಯುತ್ತದೆ, ಜಿಡ್ಡು ಮಸಿ ಹಿಡಿಯುತ್ತದೆ. ಬರೆಯುವಾಗ ಅಂಗೈ ತಾಗಕೂಡದು. ಬೆವರಿನ ಜಿಡ್ಡೂ ಅಚ್ಚಾಗುತ್ತದೆ. ನನ್ನ ಮೊದಲ ಚಿತ್ರದ ಆಕಾಶದಲ್ಲಿ ನನ್ನದೇ ಹೆಬ್ಬೆಟ್ಟು ಮೂಡಿತ್ತು.

ಅಚ್ಚು ತೆಗೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಸ್ಪಂಜಿನಿಂದ ಒರೆಸುತ್ತಿರಬೇಕು, ಇನ್ನೊಬ್ಬರು ಮಸಿಯ ರೋಲರ್ ಉರುಳಿಸಬೇಕು. ಒಂದು ಗಳಿಗೆ ಕಲ್ಲು ಒಣಗಿದರೂ ಚಿತ್ರವೆಲ್ಲ ಮಸಿ. ನನ್ನ ಜೊತೆಗಾತಿಯೂ ನಾನೂ ಜಗಳವಾಡಿ ವಾರಗಟ್ಟಲೆ ಮಾತು ಬಿಟ್ಟಿದ್ದಾಗಲೂ ಕಲ್ಲಿನ ಎರಡು ಬದಿಯಲ್ಲಿ ನಿಂತು ಕೆಲಸ ಮಾಡಿದ್ದೇವೆ. ಅವಳು ಒರೆಸುವುದು, ನಾನು ಉರುಳಿಸುವುದು. ಹಾಳೆ ಎತ್ತುವ ಹೊತ್ತಿಗೆ ಇಬ್ಬರ ತಲೆಯೂ ಒಟ್ಟಿಗೆ ಬಗ್ಗುತ್ತಿತ್ತು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಮೇಷ್ಟ್ರು ಬರೋಡಾದಲ್ಲಿ ಓದಿ ಬಂದವರು. 1950ರಲ್ಲಿ ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಲಲಿತಕಲೆಗೆಂದೇ ನಿಕಾಯ ತೆರೆದು ಪದವಿ ಕೊಡಲಾರಂಭಿಸಿದ್ದನ್ನು ಅವರು ಹಬ್ಬದ ಸುದ್ದಿಯಂತೆ ಹೇಳುತ್ತಿದ್ದರು. ಕೈಕೆಸರು ಮಾಡಿಕೊಳ್ಳುವುದೂ ಓದು ಎಂದು ವಿಶ್ವವಿದ್ಯಾಲಯ ಒಪ್ಪಿತಲ್ಲ, ಅದು ಅವರ ಹೆಮ್ಮೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಹಾಕಿದ ಛಾಪಖಾನೆಯ ಕಥೆ ಕೇಳಿದ್ದೂ ಅವರಿಂದಲೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ದೇವರ ಗೂಡಿನ ರವಿವರ್ಮನ ಲಕ್ಷ್ಮಿಯ ಹತ್ತಿರ ಕಣ್ಣಿಟ್ಟು ನೋಡಿದೆ. ಕೆನ್ನೆಯಲ್ಲಿ ಕಲ್ಲಿನ ಸಣ್ಣ ಸಣ್ಣ ಚುಕ್ಕಿಗಳಿದ್ದವು. ಅಜ್ಜಿ ನಾನು ಭಕ್ತಿಯಿಂದ ಬಗ್ಗಿದ್ದೇನೆ ಎಂದುಕೊಂಡರು. ಅದು ಸುಳ್ಳೂ ಆಗಿರಲಿಲ್ಲ.

ಬರೋಡಾ, ಶಾಂತಿನಿಕೇತನದಂಥ ಕಡೆ ಇಂದಿಗೂ ಕಲ್ಲು ಉಜ್ಜುವವರಿದ್ದಾರೆ. ಸಣ್ಣ ಕಾಲೇಜುಗಳ ಮಾತು ಬೇರೆ. ವರ್ಷದ ಪದ್ಧತಿ ಹೋಗಿ ಸೆಮಿಸ್ಟರ್ ಬಂತು. ಉಜ್ಜಿ, ಬರೆದು, ಆಮ್ಲ ಹಾಕಿ, ಕಾದು, ಅಚ್ಚು ತೆಗೆಯುವಷ್ಟು ಬಿಡುವು ಅದರಲ್ಲಿಲ್ಲ. ಅಟೆಂಡರ್ ಅಣ್ಣ ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ರೋಲರಿನ ಚರ್ಮ ಒಣಗಿ ಬಿರುಕುಬಿಟ್ಟರೆ ಹೊಸದು ಸುಲಭಕ್ಕೆ ಸಿಗುವುದಿಲ್ಲ. ಮಕ್ಕಳ ತಪ್ಪು ಇದರಲ್ಲಿ ಏನೂ ಇಲ್ಲ. ಅವರ ಮುಂದೆ ಆನಿಮೇಷನ್ ಇದೆ, ಕೆಲಸವಿದೆ, ಅವರ ಗೆರೆಯಲ್ಲಿ ಜೀವವೂ ಇದೆ. ಆದರೆ ಅವರ ಪರದೆ ಪ್ರತಿ ಸಲವೂ ಬೆಳ್ಳಗೇ ತೆರೆದುಕೊಳ್ಳುತ್ತದೆ. ಅದರಡಿಯಲ್ಲಿ ಯಾರ ಗಾಲಿಯೂ ಇಲ್ಲ. ಒಬ್ಬನ ಕೆಲಸವನ್ನು ಎರಡು ಕೈಯಿಂದ ಅಳಿಸಿ, ನಾಳೆ ನನ್ನದನ್ನೂ ಒಬ್ಬರು ಹೀಗೇ ಅಳಿಸುತ್ತಾರೆ ಎಂದು ತಿಳಿದೇ ಮೊದಲ ಗೆರೆ ಎಳೆಯುವ ಪಾಠ ಅವರಿಗೆ ಸಿಗದೇ ಹೋಯಿತಲ್ಲ ಎಂಬುದೇ ನನ್ನ ಸಂಕಟ.

ಕಳೆದ ವರ್ಷ ಕಾಲೇಜಿಗೆ ಹೋಗಿದ್ದೆ. ಉದ್ದನೆಯ ಕೋಣೆ ಈಗ ಉಗ್ರಾಣ. ಕಲ್ಲುಗಳು ಹಿತ್ತಲ ಗೋಡೆಗೆ ಒರಗಿದ್ದವು, ಒಂದರ ಮೇಲೆ ತುಳಸಿ ಕುಂಡ ಕೂತಿತ್ತು. ಬಾಟಲಿಯ ನೀರನ್ನು ಒಂದು ಕಲ್ಲಿನ ಮೇಲೆ ಸುರಿದು ಅಂಗೈಯಿಂದ ಧೂಳು ಒರೆಸಿದೆ. ಮಸುಕಾಗಿ ಒಂದು ಬಸ್ಸಿನ ಕಿಟಕಿ ಎದ್ದುಬಂತು, ಕಿಟಕಿಯಲ್ಲಿ ನಿದ್ದೆಹೋದ ಒಬ್ಬ ಹೆಂಗಸು. ಯಾರು ಬರೆದರೋ. ಆ ಕಲ್ಲಿನ ಮೇಲೆ ಬರೆದ ಕೊನೆಯವರು. ಅಳಿಸಲು ಯಾರೂ ಬಾರದೆ ಉಳಿದುಕೊಂಡ ಚಿತ್ರ.

ಇನ್ನೂ ಇದಾಳೆ ನೋಡಣ್ಣ, ಎಂದುಕೊಂಡೆ. ನೀರು ಆರುವವರೆಗೆ ಅಲ್ಲೇ ಕೂತಿದ್ದೆ.